ಹಿರೇನಲ್ಲೂರಿನ ಬಯಲಲ್ಲಿ ಗುರುಗಳೇ ಗುರುಗಳು!

ಯೋಗಶಾಸ್ತ್ರದ ಹಳೆಯ ವ್ಯಾಖ್ಯಾನವೊಂದರಲ್ಲಿ ಅಡಗಿ ಕುಳಿತ ಒಂದು ಮಾತು ನನ್ನನ್ನು ಬೆರಗಾಗಿಸಿಬಿಟ್ಟಿದೆ. ಪತಂಜಲಿ ತನ್ನ ಯೋಗಸೂತ್ರದಲ್ಲಿ ಆಸನದ ಬಗ್ಗೆ ಹೇಳಿದ್ದು ತೀರಾ ಕಡಿಮೆ. ಅದು ಸ್ಥಿರವಾಗಿರಬೇಕು, ಸುಖವಾಗಿರಬೇಕು, ಅಷ್ಟೇ. ಆ ಸೂತ್ರಕ್ಕೆ ಬಂದ ವ್ಯಾಸಭಾಷ್ಯ ಕೆಲವು ಆಸನಗಳನ್ನು ಹೆಸರಿಸುತ್ತದೆ. ಪದ್ಮಾಸನ, ವೀರಾಸನ ಎಂದು ಹೋಗುತ್ತಾ ಹೋಗುತ್ತಾ ಬರುತ್ತವೆ ನೋಡಿ: ಕ್ರೌಂಚ ಪಕ್ಷಿಯ ಹಾಗೆ ಕೂರುವುದು, ಆನೆಯ ಹಾಗೆ ಕೂರುವುದು, ಒಂಟೆಯ ಹಾಗೆ ಕೂರುವುದು! ಕೂರುವುದು ಹೇಗೆ? ಸುಮಾರು ಸಾವಿರ ವರ್ಷಗಳ ಹಿಂದೆ ವ್ಯಾಖ್ಯಾನಕಾರ ವಾಚಸ್ಪತಿ ಮಿಶ್ರ ಇದಕ್ಕೆ ಉತ್ತರ ಕೊಟ್ಟ. ಕಾಲನ್ನು ಹೀಗೆ ಮಡಿಸು, ಕೈಯನ್ನು ಹಾಗೆ ಇಡು ಎಂಬ ವಿವರವೇ ಅದರಲ್ಲಿಲ್ಲ. ಆ ಪ್ರಾಣಿಗಳು ಕುಳಿತಿರುವುದನ್ನು ನೋಡಿ ತಿಳಿದುಕೊಳ್ಳಬೇಕು ಎಂದುಬಿಟ್ಟ!

ಗ್ರಂಥವೇ ಓದುಗನನ್ನು ಎಬ್ಬಿಸಿ ಬಯಲಿಗೆ ಕಳಿಸುತ್ತಿದೆ! ಹಾಗಾದರೆ ಹೊರಡೋಣ. ಎಲ್ಲಿಗೆ? ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಕಡೆಗೆ. ಮಲೆನಾಡಿನ ಮಳೆಯೆಲ್ಲ ಬೆಟ್ಟದ ಆಚೆಗೇ ಸುರಿದು ಮುಗಿಯುವುದರಿಂದ ಒಣಗಿ ನಿಂತ ಸೀಮೆ ಇದು. ರಾಗಿ ಹೊಲ, ತೆಂಗಿನ ತೋಟ, ಹುಲ್ಲುಗಾವಲು. ಪಶ್ಚಿಮಕ್ಕೆ ಚಂದ್ರದ್ರೋಣ ಪರ್ವತದ ಸಾಲು. ಆ ಬೆಟ್ಟಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಅಯ್ಯನಕೆರೆಯನ್ನೂ ಮದಗದಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ.

ಇದೇ ತಾಲ್ಲೂಕಿನಲ್ಲಿ ಬಾಸೂರು ಅಮೃತ್ ಮಹಲ್ ಕಾವಲಿದೆ. ಸುಮಾರು 736 ಹೆಕ್ಟೇರಿನ ಈ ಹುಲ್ಲುಗಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಯಾರಿಗಾಗಿ ಗೊತ್ತೇ? ಕೃಷ್ಣಮೃಗಕ್ಕಾಗಿ! ಪ್ರಾಯಕ್ಕೆ ಬಂದಂತೆ ಕಪ್ಪೇರುವ ಗಂಡು, ಅದರ ತಿರುಚಿದ ಕೊಂಬು, ಗಂಟೆಗೆ 80 ಕಿಲೋಮೀಟರಿನ ಹತ್ತಿರಕ್ಕೆ ಹೋಗುವ ಓಟ. ಈಗ ಮನುಸ್ಮೃತಿಯ ಎರಡನೆಯ ಅಧ್ಯಾಯ ತೆರೆಯಿರಿ. ಕೃಷ್ಣಮೃಗ ಸಹಜವಾಗಿ ಅಡ್ಡಾಡುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲ ಎನ್ನುತ್ತದೆ ಅದು! ನೆಲದ ಪಾವಿತ್ರ್ಯಕ್ಕೆ ಅಲ್ಲಿ ಗುಡಿಗೋಪುರದ ಅಳತೆಯಿಲ್ಲ. ಒಂದು ಜಿಂಕೆ ನಿರ್ಭಯವಾಗಿ ಮೇಯುತ್ತಿದೆಯೇ ಎಂಬುದೇ ಅಳತೆ. ಆ ಲೆಕ್ಕದಲ್ಲಿ ಕಡೂರಿನ ಕಾವಲಿಗಿಂತ ಪುಣ್ಯಭೂಮಿ ಬೇಕೇ?

ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನಕ್ಕೆ ಕೂರುವವನ ಆಸನಕ್ಕೆ ದರ್ಭೆ, ಅದರ ಮೇಲೆ ಜಿಂಕೆಯ ಚರ್ಮ, ಅದರ ಮೇಲೆ ಬಟ್ಟೆ. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿದೆ, ಒಳ್ಳೆಯದೇ ಆಯಿತು. ಚರ್ಮಕ್ಕಿಂತ ಬದುಕಿರುವ ಮೃಗವೇ ದೊಡ್ಡ ಪಾಠ. ಮೈಯೆಲ್ಲ ಕಿವಿಯಾಗಿ, ಒಂದು ಕೂದಲೂ ಅಲುಗದೆ ಅದು ನಿಲ್ಲುವ ಪರಿ ಇದೆಯಲ್ಲ, ಏಕಾಗ್ರತೆ ಎಂದರೆ ಅದೇ!

ಕೆರೆಯಂಗಳಕ್ಕೆ ಇಳಿದರೆ ಇನ್ನೊಂದು ಅಚ್ಚರಿ. ಇಂದ್ರಿಯಗಳನ್ನು ಒಳಕ್ಕೆ ಎಳೆದುಕೊಳ್ಳುವುದಕ್ಕೆ ಗೀತೆಯ ಎರಡನೆಯ ಅಧ್ಯಾಯ ಕೊಡುವ ಮಾದರಿ ಆಮೆ. ನಮ್ಮ ನಾಡಿನ ಕೆರೆಕಟ್ಟೆಗಳಲ್ಲಿ ವಾಸಿಸುವ ಮೆದುಚಿಪ್ಪಿನ ಆಮೆಯೊಂದಿದೆ. ಅದರ ಹೊಟ್ಟೆಯ ಕಡೆ, ಹಿಂಗಾಲುಗಳ ಜಾಗದಲ್ಲಿ ಎರಡು ಮುಚ್ಚಳಗಳಿವೆ! ಕಾಲನ್ನು ಒಳಗೆಳೆದುಕೊಂಡ ಮೇಲೆ ಮುಚ್ಚಳವನ್ನೂ ಎಳೆದುಕೊಳ್ಳುತ್ತದೆ, ಮನೆಯೊಡತಿ ಕದ ಹಾಕಿ ಅಗುಳಿ ಜಡಿದಂತೆ. ಬರಗಾಲದಲ್ಲಿ ಕೆರೆ ಬತ್ತಿದರೆ ಈ ಜೀವ ಮಣ್ಣೊಳಗೆ ಹುದುಗಿ, ಮೈಯ ವ್ಯಾಪಾರವನ್ನೆಲ್ಲ ತಗ್ಗಿಸಿ, ಮಳೆ ಬರುವ ತನಕ ತಾಳಿಕೊಳ್ಳಬಲ್ಲದು.

ಇನ್ನು ತಲೆಯೆತ್ತಿ ಆ ಬೆಟ್ಟದ ಸಾಲನ್ನು ನೋಡಿ. ಬಾಬಾಬುಡನ್‌ಗಿರಿಯ ಗುಹೆ ದತ್ತಾತ್ರೇಯನ ನೆಲೆ ಎಂಬ ನಂಬಿಕೆ. ದತ್ತಾತ್ರೇಯ ಎಂದರೆ ಯಾರು? ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಯದುರಾಜನಿಗೆ ತನ್ನ 24 ಗುರುಗಳ ಹೆಸರು ಹೇಳಿದ ಅವಧೂತನೇ ದತ್ತ ಎನ್ನುತ್ತದೆ ಪರಂಪರೆ. ಆ ಪಟ್ಟಿಯಲ್ಲಿ ಭೂಮಿ, ಗಾಳಿ, ನೀರು, ಬೆಂಕಿ! ಪಾರಿವಾಳ, ಹೆಬ್ಬಾವು, ಪತಂಗ, ಜೇನು, ಆನೆ, ಜಿಂಕೆ, ಮೀನು, ಹಾವು, ಜೇಡ, ಕಣಜ! ಸಿಕ್ಕಷ್ಟರಲ್ಲಿ ತೃಪ್ತಿಪಡುವುದು ಹೆಬ್ಬಾವಿನ ಪಾಠ. ಹೂವಿಗೆ ನೋವಾಗದಂತೆ ತುಸುತುಸುವೇ ತೆಗೆದುಕೊಳ್ಳುವುದು ಜೇನಿನ ಪಾಠ.

ಜೇಡದ ಪಾಠವಂತೂ ಮೈನವಿರೇಳಿಸುತ್ತದೆ. ಅದು ತನ್ನೊಳಗಿನಿಂದಲೇ ನೂಲು ತೆಗೆದು, ಬಲೆ ಹರಡಿ, ಮತ್ತೆ ತಾನೇ ನುಂಗುವಂತೆ ಪರಮಾತ್ಮ ಜಗತ್ತನ್ನು ಹರಡಿ ಒಳಗೆ ಸೆಳೆದುಕೊಳ್ಳುತ್ತಾನೆ ಎಂದ ಅವಧೂತ. ನುಂಗುತ್ತದೆಯೇ ಜೇಡ? ಹೌದು! ಚಕ್ರದಂಥ ಬಲೆ ಹೆಣೆಯುವ ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಿಂದು, ಅದರ ಪ್ರೋಟೀನಿನಿಂದಲೇ ಹೊಸ ನೂಲು ತೆಗೆಯುತ್ತವೆ ಎಂದು ಇಂದಿನ ಜೀವವಿಜ್ಞಾನವೂ ಹೇಳುತ್ತದೆ. ಯಾರೋ ಬೆಳಗಿನ ಜಾವ ಬಲೆಯ ಮುಂದೆ ಕುಳಿತು ಕಣ್ಣು ಮಿಟುಕಿಸದೆ ನೋಡಿದ್ದಾರೆ!

ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಕಥೆಯೂ ಹಾಗೆಯೇ. ಅದು ಹುಳುವೊಂದನ್ನು ಒಳಗಿಟ್ಟು ಮುಚ್ಚುತ್ತದೆ, ಕೆಲದಿನಗಳ ಮೇಲೆ ಹೊರಬರುವುದು ಕಣಜ. ಕಣಜವನ್ನೇ ಧ್ಯಾನಿಸಿ ಹುಳು ಕಣಜವೇ ಆಯಿತು ಎಂದರು ಹಿರಿಯರು. ಒಳಗಿದ್ದ ಕಣಜದ ಮೊಟ್ಟೆಯೊಡೆದು ಬಂದ ಮರಿ ಆ ಹುಳುವನ್ನು ತಿಂದು ಬೆಳೆಯುತ್ತದೆ ಎಂಬುದು ಈಗ ನಮಗೆ ಗೊತ್ತು. ಆದರೂ ಮನಸ್ಸು ಯಾವುದನ್ನು ಬಿಡದೆ ನೆನೆಯುತ್ತದೋ ಅದರ ಆಕಾರ ತಾಳುತ್ತದೆ ಎಂಬ ಅರಿವು ಸುಳ್ಳಾಗುವುದಿಲ್ಲ.

ಜೀವರಾಶಿಗಳೆಷ್ಟೋ ಆಸನಗಳೂ ಅಷ್ಟೇ ಎನ್ನುತ್ತದೆ ಘೇರಂಡ ಸಂಹಿತೆ. ಅದರಲ್ಲಿ ವಿವರಿಸಿದ 32 ಆಸನಗಳಲ್ಲಿ ಸಿಂಹ, ನವಿಲು, ಕೋಳಿ, ಕಪ್ಪೆ, ಗರುಡ, ಮೊಸಳೆ, ಒಂಟೆ, ಸರ್ಪ ಎಲ್ಲವೂ ಇವೆ. ವೃಷಾಸನವೂ ಇದೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಅಮೃತ್ ಮಹಲ್ ಹೋರಿಗಳನ್ನು ನೆನೆಯಿರಿ. ನೀಳ ಕೊಂಬು, ಕೆಣಕಿದರೆ ಸಿಡಿಲು, ಮಲಗಿ ಮೆಲುಕು ಹಾಕುವಾಗ ಸಾಕ್ಷಾತ್ ಮನನ!

ಕನ್ನಡ ನಾಡು ಈ ವಿದ್ಯೆಯನ್ನು ಪೋಷಿಸಿದ ಬಗೆಯೂ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗ ಕಲಿಸಿ, 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಇಂದು ಜಗತ್ತೆಲ್ಲ ಮಾಡುವ ಭುಜಂಗಾಸನ, ಮಯೂರಾಸನಗಳ ಹಿಂದೆ ಈ ಮಣ್ಣಿನ ಗುರುಪರಂಪರೆಯಿದೆ.

ಇಷ್ಟೆಲ್ಲ ಸಂಪತ್ತು ಕಣ್ಣೆದುರಿಗೇ ಇರುವಾಗ ನಾವು ಜೂನ್ 21ರ ಯೋಗ ದಿನಕ್ಕೆ ಮಕ್ಕಳನ್ನು ಸಭಾಂಗಣದ ಚಾಪೆಯ ಮೇಲಷ್ಟೇ ಕೂರಿಸಿದರೆ ಸಾಕೇ? ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳು ಅಂದು ಒಂದು ಗಂಟೆ ಮಕ್ಕಳನ್ನು ಕೆರೆಯೇರಿಗೆ, ಕಾವಲಿನ ಅಂಚಿಗೆ ಕರೆದುಕೊಂಡು ಹೋಗಲಿ. ಮಕ್ಕಳು ಮಾತಾಡದೆ ಕೂರಲಿ, ಒಂದೊಂದು ಜೀವವನ್ನು ಆರಿಸಿಕೊಂಡು ನೋಡಲಿ, ಆಮೇಲೆ ಅದರಂತೆ ಕೂರಲಿ, ಅದರಂತೆ ಉಸಿರಾಡಲಿ. ಕಾವಲಿನ ಹುಲ್ಲನ್ನೂ ಕೆರೆಯ ನೀರನ್ನೂ ಕಾಪಾಡಬೇಕೆಂದು ಅಂಥ ಮಕ್ಕಳಿಗೆ ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ. ತನಗೆ ಪಾಠ ಹೇಳಿದ ಗುರುವಿನ ಮನೆಯನ್ನು ಯಾವ ಶಿಷ್ಯ ತಾನೇ ಹಾಳಾಗಲು ಬಿಟ್ಟಾನು?