ಒಂಬತ್ತು ವಾಚನ, ಒಂದು ಎಳೆಯ ಕಂಠ

ಡಿಸೆಂಬರ್ 24ರ ಅಪರಾಹ್ನ ಮೂರು ಗಂಟೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಆ ಹೊತ್ತಿಗೆ ಚಳಿಗಾಲದ ಹಗಲು ಮಾಸತೊಡಗಿರುತ್ತದೆ. ನಮ್ಮಲ್ಲಿ ರಾತ್ರಿ ಎಂಟೂವರೆ. ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ ಜನರಿಂದ ತುಂಬಿದೆ, ಆದರೆ ನಿಶ್ಶಬ್ದ. ವಾದ್ಯದ ಆಧಾರವಿಲ್ಲದೆ, ಪೀಠಿಕೆಯ ಮಾತಿಲ್ಲದೆ, ಬಾಲಕನೊಬ್ಬ ಹಾಡತೊಡಗುತ್ತಾನೆ. ಮೊದಲ ಚರಣ ಅವನೊಬ್ಬನದೇ. ಎರಡನೆಯದಕ್ಕೆ ಗಾಯಕವೃಂದ ಕೂಡಿಕೊಳ್ಳುತ್ತದೆ. ಮೂರನೆಯದಕ್ಕೆ ಆರ್ಗನ್ನಿನ ಗಂಭೀರನಾದದೊಡನೆ ನೆರೆದ ಸಭೆಯೇ ದನಿಗೂಡಿಸುತ್ತದೆ. ‘ಒಂಬತ್ತು ವಾಚನಗಳ ಮತ್ತು ಕ್ಯಾರೊಲ್‌ಗಳ ಉತ್ಸವ’ ಆರಂಭವಾಗುವುದು ಹೀಗೆ.

ಇದು ಅನಾದಿಕಾಲದಿಂದ ಬಂದ ಸಂಪ್ರದಾಯವೆಂದು ಕೇಳುಗರಿಗೆ ತೋರಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಇದರ ವಯಸ್ಸು ಒಂದು ಶತಮಾನಕ್ಕಿಂತ ತುಸು ಹೆಚ್ಚು, ಅಷ್ಟೆ. ಇದರ ಮೂಲರೂಪ ಹುಟ್ಟಿದ್ದು ಕೇಂಬ್ರಿಜ್‌ನಲ್ಲೂ ಅಲ್ಲ. ಕಾರ್ನ್‌ವಾಲ್ ಪ್ರಾಂತದ ಟ್ರೂರೊದಲ್ಲಿ. ಅಲ್ಲಿನ ಪ್ರಧಾನ ದೇವಾಲಯದ ನಿರ್ಮಾಣ ಇನ್ನೂ ಮುಗಿಯದಿದ್ದ 1880ರಲ್ಲಿ, ತಾತ್ಕಾಲಿಕವಾಗಿ ಕಟ್ಟಿದ್ದ ಮರದ ಮಂದಿರವೊಂದರಲ್ಲಿ, ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್ ಅವರು ಕ್ರಿಸ್ಮಸ್ ಮುನ್ನಾರಾತ್ರಿಗೆಂದು ಒಂಬತ್ತು ವಾಚನಗಳ ಕ್ರಮವನ್ನು ಹೊಂದಿಸಿದರು. ಕಿರಿಯರಿಂದ ಮೊದಲಾಗಿ ಹಿರಿಯರವರೆಗೆ ಒಬ್ಬೊಬ್ಬರು ಒಂದೊಂದು ಭಾಗವನ್ನು ಓದುವುದು, ನಡುನಡುವೆ ಹಾಡುವುದು ಅದರ ವಿಧಾನ.

ಆ ಕ್ರಮವನ್ನು ಕಿಂಗ್ಸ್ ಕಾಲೇಜಿಗೆ ತಂದವರು ಎರಿಕ್ ಮಿಲ್ನರ್ ವೈಟ್. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿದ್ದು, ರಣರಂಗವನ್ನು ಕಣ್ಣಾರೆ ಕಂಡು ಮರಳಿದವರು. 1918ರಲ್ಲಿ ಅವರು ಕಾಲೇಜಿನ ಡೀನ್ ಆದಾಗ ವಯಸ್ಸು 34. ಅದೇ ವರ್ಷ ನವೆಂಬರ್ 11ರಂದು ಯುದ್ಧ ನಿಂತಿತು. ಆರು ವಾರ ಕಳೆದು ಡಿಸೆಂಬರ್ 24ರಂದು ಮೊದಲ ಉತ್ಸವ ನಡೆಯಿತು. ಕಾಲೇಜಿನ ಅನೇಕ ತರುಣರು ಮರಳಿ ಬಂದಿರಲಿಲ್ಲ. ಅಲ್ಲಿ ಫೆಲೋ ಆಗಿದ್ದ ಕವಿ ರೂಪರ್ಟ್ ಬ್ರೂಕ್ 1915ರಲ್ಲಿಯೇ ತೀರಿಕೊಂಡಿದ್ದ. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಒಂದು ಮಗುವಿನ ಜನನದ ಹರ್ಷವಾರ್ತೆಯನ್ನು ಸಾರುವುದು ಹೇಗೆ? ಸಾಂತ್ವನದ ಒಣಮಾತುಗಳು ಆ ಘಳಿಗೆಯಲ್ಲಿ ಯಾರಿಗೆ ಬೇಕಿದ್ದವು?

ಮಿಲ್ನರ್ ವೈಟ್ ಆ ಸಂದರ್ಭಕ್ಕಾಗಿ ಆರಂಭದ ಪ್ರಾರ್ಥನೆಯೊಂದನ್ನು ರಚಿಸಿದರು. ಬಡವರು, ಹಸಿದವರು, ರೋಗಿಗಳು, ಒಂಟಿಯಾದವರು—ಎಲ್ಲರನ್ನೂ ಅದು ನೆನೆಯುತ್ತದೆ. ಕೊನೆಗೆ, ಅಗಲಿಹೋದವರನ್ನು ಕುರಿತ ಮಾತು ಬರುತ್ತದೆ. ಅಲ್ಲಿ ಅಳು ಇಲ್ಲ. ಗತಿಸಿದವರೂ ಈ ಸಂಭ್ರಮದಲ್ಲಿ ಪಾಲುಗಾರರೆಂಬ ನಂಬಿಕೆಯಿದೆ. ಅಂದು ಅದನ್ನು ಆಲಿಸಿದ ತಂದೆತಾಯಿಯರ ಎದೆಯಲ್ಲಿ ಯಾವ ಮುಖಗಳು ಮೂಡಿದ್ದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಶೋಕವನ್ನು ಮರೆಮಾಚದೆ ಹರ್ಷವನ್ನು ಹಾಡಲು ಸಾಧ್ಯವೆಂಬುದೇ ಈ ಉತ್ಸವದ ಮರ್ಮವೆನ್ನಬೇಕು.

ಮುಂದಿನ ವರ್ಷ, 1919ರಲ್ಲಿ, ಕ್ರಮವನ್ನು ಕೊಂಚ ಬದಲಿಸಿದರು. ‘ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ’ ಎಂಬ ಹಾಡು ನಾಂದಿಯಾಗಿ ನೆಲೆನಿಂತದ್ದು ಅಂದಿನಿಂದ. ಅನಂತರ ವಾಚನಗಳು ಬರುತ್ತವೆ. ಆದಿಕಾಂಡದಲ್ಲಿನ ಆದಾಮನ ಪತನದ ಕಥೆಯನ್ನು ಗಾಯಕವೃಂದದ ಬಾಲಕ ಓದುತ್ತಾನೆ. ಅಬ್ರಹಾಮನಿಗೆ ದೊರೆತ ವಾಗ್ದಾನ, ಯೆಶಾಯನ ಪ್ರವಾದನೆ, ಮರಿಯಳಿಗೆ ದೇವದೂತ ತಂದ ಸುದ್ದಿ, ಕುರುಬರು, ಮೂಡಣ ದೇಶದ ಜೋಯಿಸರು—ಹೀಗೆ ಕಥೆ ಸಾಗುತ್ತದೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯವನ್ನು ಕಾಲೇಜಿನ ಮುಖ್ಯಸ್ಥರಾದ ಪ್ರೊವೊಸ್ಟ್ ಓದುವಾಗ ಸಭೆ ಎದ್ದು ನಿಲ್ಲುತ್ತದೆ. ಈ ಉತ್ಸವದ ಬಲವಿರುವುದು ವಾಚನಗಳಲ್ಲಿಯೇ ಹೊರತು ಸಂಗೀತದಲ್ಲಲ್ಲ ಎಂಬುದು ಮಿಲ್ನರ್ ವೈಟ್ ಅವರ ಅಭಿಪ್ರಾಯವಾಗಿತ್ತು. ಸಂಗೀತಕ್ಕಾಗಿಯೇ ಕಿವಿಗೊಡುವ ಸಹೃದಯರೂ ಈ ಮಾತನ್ನು ಗಮನಿಸಬೇಕು: ದಾರವಿಲ್ಲದೆ ಮಾಲೆಯುಂಟೆ?

ಹಾಡು ನೆಲಸಿರುವ ಕಟ್ಟಡವಾದರೂ ಸಾಮಾನ್ಯವಾದುದಲ್ಲ. ಆರನೆಯ ಹೆನ್ರಿ 1446ರಲ್ಲಿ ಅಡಿಗಲ್ಲಿಟ್ಟ. ಅಂತರ್ಯುದ್ಧದಲ್ಲಿ ಸಿಂಹಾಸನವನ್ನೂ ಪ್ರಾಣವನ್ನೂ ಕಳೆದುಕೊಂಡ ಆ ಅರಸ ಇದರ ಪೂರ್ಣರೂಪವನ್ನು ಕಾಣಲಿಲ್ಲ. ಬೀಸಣಿಗೆ ಬಿಚ್ಚಿದಂತೆ ಹರಡಿದ ಕಲ್ಲಿನ ಚಾವಣಿಯನ್ನು ಶಿಲ್ಪಿ ಜಾನ್ ವಾಸ್ಟೆಲ್ ಮುಗಿಸಿದ್ದು 1515ರಲ್ಲಿ. ಸುಮಾರು 80 ಅಡಿ ಎತ್ತರದ ಆ ಚಾವಣಿಗೆ ತಾಗಿದ ಸ್ವರ ಒಡನೆಯೇ ಅಳಿಯದು. ಕೆಲವು ಕ್ಷಣ ಅಲ್ಲಿಯೇ ತಂಗಿರುತ್ತದೆ. ಆದ್ದರಿಂದ ಹಾಡುವವರಿಗೆ ಅವಸರ ಸಲ್ಲದು; ತಾವು ಬಿಟ್ಟ ನಾದ ಮರಳಿ ಬರುವುದನ್ನು ಆಲಿಸುತ್ತಲೇ ಮುಂದಿನದನ್ನು ಎತ್ತಿಕೊಳ್ಳಬೇಕು.

1928ರಲ್ಲಿ ಬಿ.ಬಿ.ಸಿ. ಇದನ್ನು ಮೊದಲ ಬಾರಿಗೆ ಪ್ರಸಾರ ಮಾಡಿತು. 1930ರ ಒಂದು ವರ್ಷವನ್ನುಳಿದು ಪ್ರಸಾರ ನಿಂತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿನ ಭಯದಿಂದ ಪ್ರಾಚೀನ ವರ್ಣಗಾಜುಗಳನ್ನು ಬಿಚ್ಚಿ ಬೇರೆಡೆ ಇರಿಸಿದ್ದರು. ಮಂದಿರದಲ್ಲಿ ಶಾಖದ ಏರ್ಪಾಡೂ ಇರಲಿಲ್ಲ. ಶತ್ರುವಿಗೆ ಸುಳಿವು ಸಿಗದಿರಲೆಂದು ಪ್ರಸಾರದಲ್ಲಿ ಕಾಲೇಜಿನ ಹೆಸರನ್ನೂ ಹೇಳುತ್ತಿರಲಿಲ್ಲ. ಆದರೂ ಹಾಡು ನಡೆಯಿತು. 2020ರ ಸಾಂಕ್ರಾಮಿಕದ ವರ್ಷ ಮಂದಿರದಲ್ಲಿ ಸಭೆಯೇ ಇರಲಿಲ್ಲ. ಮೊದಲೇ ಧ್ವನಿಮುದ್ರಿಸಿದ ಗಾಯನವನ್ನು ಜನ ಮನೆಗಳಲ್ಲಿ ಕುಳಿತು ಕೇಳಿದರು.

ಹಳೆಯದನ್ನು ಕಾಪಾಡುವುದೆಂದರೆ ಅದನ್ನೇ ಪುನರುಚ್ಚರಿಸುವುದಲ್ಲ. ಗಾಯಕವೃಂದದ ನಿರ್ದೇಶಕರಾಗಿದ್ದ ಸ್ಟೀಫನ್ ಕ್ಲಿಯೋಬರಿ ಅವರು 1983ರಿಂದ ಪ್ರತಿವರ್ಷ ಒಂದು ಹೊಸ ಕ್ಯಾರೊಲ್ ಬರೆಯಿಸುವ ಪದ್ಧತಿಯನ್ನು ತಂದರು. ಮೊದಲ ಚರಣದ ಗಾಯಕನನ್ನು ಕೊನೆಯ ಗಳಿಗೆಯಲ್ಲಿ ಗೊತ್ತುಮಾಡುತ್ತಿದ್ದವರೂ ಅವರೇ. ಹಲವು ಬಾಲಕರು ಅಭ್ಯಾಸ ಮಾಡಿ ಸಿದ್ಧರಾಗಿರುವರು. ಪ್ರಸಾರ ಆರಂಭವಾಗುವ ಹೊತ್ತಿಗೆ ಅವರಲ್ಲೊಬ್ಬನಿಗೆ ಸನ್ನೆ ದೊರೆಯುವುದು. ಯಾರೂ ಹಿಂದಿನ ರಾತ್ರಿಯೆಲ್ಲ ಅಂಜಿಕೆಯಿಂದ ಬಳಲದಿರಲೆಂಬ ಹಿರಿಯರ ಕರುಣೆ ಇದರಲ್ಲಿಲ್ಲವೆ?

ವೃಂದದಲ್ಲಿ 16 ಬಾಲಕರಿರಬೇಕೆಂಬುದು ಸಂಸ್ಥಾಪಕ ಅರಸನ ಕಟ್ಟಳೆ; ಅದು ಉಳಿದುಬಂದಿದೆ. ಆದರೆ ಬಾಲಕರು ಉಳಿಯುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಪ್ರತಿಯೊಬ್ಬನ ಕಂಠವೂ ಒಡೆದು ಗಡುಸಾಗುತ್ತದೆ. ಅವನು ಸಾಲಿನಿಂದ ಹೊರಬಂದು, ಇನ್ನೊಬ್ಬ ಚಿಕ್ಕವನು ಆ ಸ್ಥಾನದಲ್ಲಿ ನಿಲ್ಲುತ್ತಾನೆ. ಕೇಳುಗರಿಗೆ ಮಾತ್ರ ವರ್ಷವರ್ಷವೂ ಅದೇ ದನಿ ಕೇಳಿಸಿದಂತೆ ಭಾಸವಾಗುತ್ತದೆ. 1918ರಲ್ಲಿ ಬರಿದಾದ ಸಾಲುಗಳನ್ನು ಕಂಡವರು ಈ ಹಾಡನ್ನು ಕಿರಿಯರ ಕೈಗೊಪ್ಪಿಸಿದ್ದು ತಿಳಿದೇ ಇರಬೇಕು. ಅವರ ನಂಬಿಕೆ ಇಂದಿಗೂ ಹುಸಿಯಾಗಿಲ್ಲ.