ಕುಂಡದಲ್ಲಿ ಗಿಡ, ಸೀಸೆಯಲ್ಲಿ ಮದ್ದು

ದೆಹಲಿಯ ಮುನಿರ್ಕಾದಂಥ ಬಡಾವಣೆಯ ಬಾಲ್ಕನಿಗಳಲ್ಲಿ ಉರಿಬಿಸಿಲಿಗೂ ಜಗ್ಗದೆ ಹೂ ಬಿಡುವ ಗಿಡವೊಂದುಂಟು. ಅಲ್ಲಿನವರಿಗೆ ಅದು ಸದಾಬಹಾರ್, ನಮಗೆ ಕಾಶಿ ಕಣಗಿಲೆ, ನಿತ್ಯಪುಷ್ಪ. ಸಕ್ಕರೆ ಕಾಯಿಲೆಗೆಂದು ಅದರ ಎಲೆ ಅಗಿಯುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ.

ಇದೇ ನಂಬಿಕೆಯ ಬೆನ್ನು ಹತ್ತಿದವರು ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್. 1950ರ ದಶಕದಲ್ಲಿ ಜಮೈಕಾದಿಂದ ಬಂದ ಎಲೆಗಳ ಸಾರವನ್ನು ಇಲಿಗಳಿಗೆ ಚುಚ್ಚಿ ನೋಡಿದರು. ಇಳಿದದ್ದು ಸಕ್ಕರೆಯಲ್ಲ, ಬಿಳಿ ರಕ್ತಕಣ. ಭರದಿಂದ ಬೆಳೆಯುವ ಕೋಶಗಳನ್ನು ಕೊಲ್ಲುವ ವಿಷ ಆ ಎಲೆಯಲ್ಲಿತ್ತು. ಅದೇ ವಿನ್‌ಬ್ಲಾಸ್ಟಿನ್. ಆ ಬಳಗದ ವಿನೊರೆಲ್ಬಿನ್‌ಗೆ 1994ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಹಂಚುವ ಎಳೆಗಳು ಹೆಣೆದುಕೊಳ್ಳದಂತೆ ಅದು ತಡೆಯುತ್ತದೆ.

ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದ್ದೂ ಇಂಥದೇ ಕಥೆ. ಚೀನಾದ ಮರವೊಂದರಲ್ಲಿ 1966ರಲ್ಲಿ ಪತ್ತೆಯಾಗಿದ್ದ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ಅಂಶ ಇದರಲ್ಲೂ ಇದೆಯೆಂದು ವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿಕೊಟ್ಟರು. ಮೂಲ ರೂಪದಲ್ಲಿ ಅದು ನೀರಿನಲ್ಲಿ ಕರಗದು, ಅಡ್ಡ ಪರಿಣಾಮವೂ ಕಠಿಣ. ಅದನ್ನು ತಿದ್ದಿ ಮಾಡಿದ ಟೊಪೊಟೆಕಾನ್ ಇಂದು ಸಣ್ಣ ಕೋಶದ ಶ್ವಾಸಕೋಶ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಇತ್ತ, ಬೇಡಿಕೆ ಏರಿದಂತೆ ಘಟ್ಟದಲ್ಲಿ ಮರಕ್ಕೇ ಕೊಡಲಿ ಬಿತ್ತು.

ಎಲ್ಲ ಗಿಡವೂ ಇಷ್ಟು ದೂರ ಬರುವುದಿಲ್ಲ. ಮುನಿರ್ಕಾಕ್ಕೆ ಅಂಟಿಕೊಂಡಂತಿರುವ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಜೀವವಿಜ್ಞಾನಿ ರಾಣಾ ಪಿ. ಸಿಂಗ್ ಬಹುಕಾಲ ಅಭ್ಯಸಿಸಿದ್ದು ಮಿಲ್ಕ್ ಥಿಸಲ್ ಬೀಜದ ಸಿಲಿಬಿನಿನ್ ಎಂಬ ಅಂಶವನ್ನು. ಅದನ್ನು ತಿಂದ ಇಲಿಗಳ ಶ್ವಾಸಕೋಶದಲ್ಲಿ ಗೆಡ್ಡೆಗಳು ಕಡಿಮೆಯಾದವೆಂದು ಅವರೂ ಸಹೋದ್ಯೋಗಿಗಳೂ 2006ರಲ್ಲಿ ವರದಿ ಮಾಡಿದರು. ಆಶೆ ಹುಟ್ಟಿಸುವ ಫಲಿತಾಂಶ, ನಿಜ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಹೆಚ್ಚಿನವು ಬಿದ್ದುಹೋಗುತ್ತವೆ. ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದೇ ಅತ್ಯಲ್ಪ.

ಗಿಡದ್ದೆಂದ ಮಾತ್ರಕ್ಕೆ ಸೌಮ್ಯವೆಂದುಕೊಳ್ಳುವುದು ತಪ್ಪು. ಕಾಶಿ ಕಣಗಿಲೆ ಮದ್ದಾದದ್ದು ಅದರಲ್ಲಿ ವಿಷ ಇದ್ದುದರಿಂದಲೇ. ಆ ವಿಷವನ್ನು ಬೇರ್ಪಡಿಸಿ, ತೂಗಿ, ರಕ್ತಪರೀಕ್ಷೆಯ ಕಾವಲಿನಲ್ಲಿ ಕೊಟ್ಟದ್ದರಿಂದ. ಅಗಿದ ಎಲೆಗೆ ಆ ತೂಕವೂ ಇಲ್ಲ, ಕಾವಲೂ ಇಲ್ಲ. ಕೆಲವು ಮೂಲಿಕೆಗಳು ಕಿಮೊ ಔಷಧದ ಪ್ರಮಾಣವನ್ನೇ ದೇಹದಲ್ಲಿ ಏರುಪೇರು ಮಾಡಬಲ್ಲವು. ಮನೆಯಲ್ಲಿ ಏನೇ ಕಷಾಯ ಕುಡಿಯುತ್ತಿದ್ದರೂ ಚಿಕಿತ್ಸೆ ಶುರುವಾಗುವ ಮೊದಲೇ ಕ್ಯಾನ್ಸರ್ ವೈದ್ಯರಿಗೆ ಮುಚ್ಚಿಡದೆ ಹೇಳಿ.