ಹೊಗೆಸೊಪ್ಪಿನ ಎಲೆ ನುಡಿದ ಸಾಕ್ಷ್ಯ

ಸಿಗಾರಿನ ಹೊರಸುತ್ತಿಗೆ ಬೇಕಾದ ತೆಳುವಾದ, ಕಳಂಕರಹಿತವಾದ ಹೊಗೆಸೊಪ್ಪನ್ನು ಬೆಳೆದು ಹೆಸರಾಗಿದ್ದ ಅಮೆರಿಕದ ಕನೆಕ್ಟಿಕಟ್ ಕಣಿವೆಯ ರೈತರಿಗೆ 1950ರ ದಶಕದಲ್ಲಿ ಒಂದು ಅಪೂರ್ವ ವಿಪತ್ತು ಒದಗಿತು. ಬೇಸಿಗೆಯಲ್ಲಿ ಬಲಿತ ಎಲೆಗಳ ಮೇಲ್ಮೈಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಮೂಡಿ ಬಿಳುಪೇರುತ್ತಿದ್ದವು. ಚುಕ್ಕೆ ಬಿದ್ದ ಎಲೆಗೆ ಬೆಲೆಯಿಲ್ಲ. ಹವೆಯ ವೈಪರೀತ್ಯವೇ ಇದಕ್ಕೆ ಕಾರಣವೆಂದು ಬಗೆದ ಜನರು ಆ ವ್ಯಾಧಿಗೆ ಹವೆಯ ಹೆಸರನ್ನೇ ಇಟ್ಟರು.

ಅದರ ನಿಜವಾದ ಮೂಲವನ್ನರಿಯಲು ಬೇಕಾಗಿದ್ದ ಸುಳಿವು ದೇಶದ ಇನ್ನೊಂದು ಅಂಚಿನಲ್ಲಿತ್ತು. ಅನಾನಸಿನ ಪರಿಮಳದ ರಸಾಯನವನ್ನು ಶೋಧಿಸುತ್ತಿದ್ದ ವಿಜ್ಞಾನಿ ಹಾಗೆನ್-ಸ್ಮಿಟ್ ಅವರು ಲಾಸ್ ಏಂಜಲೀಸಿನ ಹೊಗೆಮಂಜಿನತ್ತ ಗಮನವನ್ನು ತಿರುಗಿಸಿ, ವಾಹನಾದಿಗಳು ಉಗುಳುವ ಹೈಡ್ರೊಕಾರ್ಬನ್ನುಗಳೂ ನೈಟ್ರೊಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಪರಸ್ಪರ ವರ್ತಿಸಿ ಓಝೋನನ್ನು ಹುಟ್ಟಿಸುತ್ತವೆಂದು ತೋರಿಸಿದ್ದರು. ಕ್ಯಾಲಿಫೋರ್ನಿಯದ ದ್ರಾಕ್ಷಿಯ ಎಲೆಗಳ ಮೇಲಣ ಚುಕ್ಕೆಗಳು ಇದೇ ಓಝೋನಿನ ಕೃತ್ಯವೆಂದು 1958ರಲ್ಲಿಯೂ, ಹೊಗೆಸೊಪ್ಪಿನ ಚುಕ್ಕೆಗಳಿಗೂ ಅದೇ ಕಾರಣವೆಂದು ವಿಜ್ಞಾನಿಗಳಾದ ಹೆಗೆಸ್ಟಾಡ್ ಮತ್ತು ಮಿಡಲ್ಟನ್ ಅವರಿಂದ 1959ರಲ್ಲಿಯೂ ಸಿದ್ಧವಾಯಿತು.

ರೋಗವನ್ನು ತಾಳಿಕೊಳ್ಳುವ ತಳಿಯನ್ನರಸುವುದು ಕೃಷಿವಿಜ್ಞಾನದ ರೂಢಿ. ಆದರೆ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಸಂಶೋಧನಾಕೇಂದ್ರದಲ್ಲಿ ಹೆಗೆಸ್ಟಾಡ್ ಅವರು ತಾಳಿಕೊಳ್ಳುವ ಬೆಲ್-ಬಿ ತಳಿಯ ಜೊತೆಗೆ, ಎಲ್ಲಕ್ಕಿಂತ ಬೇಗ ನೋಯುವ ಬೆಲ್-ಡಬ್ಲ್ಯು3 ಎಂಬ ತಳಿಯನ್ನೂ ಆದರದಿಂದ ಕಾಪಾಡಿದರು. ಎರಡನ್ನೂ ಒಂದೇ ಎಡೆಯಲ್ಲಿ ಬೆಳೆಸಿದಾಗ, ಒಂದರ ಎಲೆ ಚುಕ್ಕೆಗೊಂಡು ಇನ್ನೊಂದರದು ಶುಭ್ರವಾಗಿ ಉಳಿದರೆ, ಕೀಟ ಮಣ್ಣುಗಳ ಸಂದೇಹವು ಬಹುಮಟ್ಟಿಗೆ ನಿವಾರಣೆಯಾಗುವುದು. 1962ರಲ್ಲಿ ಬೆಲ್-ಡಬ್ಲ್ಯು3 ತಳಿಯು ಓಝೋನಿನ ಸೂಚಕವೆಂದು ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. 1970ರ ದಶಕದಲ್ಲಿ ಬ್ರಿಟಿಷ್ ದ್ವೀಪಗಳ ಹಲವೆಡೆ ಇಂಥ ಸಸಿಗಳನ್ನಿರಿಸಿ, ಹಾನಿಗೊಂಡ ಎಲೆಯ ಭಾಗವನ್ನು ಅಂದಾಜುಮಾಡಿ, ಮಾಲಿನ್ಯದ ವ್ಯಾಪ್ತಿಯನ್ನು ತಿಳಿದರು.

ಓಝೋನು ಪತ್ರರಂಧ್ರಗಳ ಮೂಲಕ ಒಳಹೊಕ್ಕು, ಮೇಲ್ಪೊರೆಯ ಕೆಳಗಣ ಸ್ತಂಭಾಕಾರದ ಕೋಶಗಳನ್ನು ಕೊಲ್ಲುವುದರಿಂದ, ಚುಕ್ಕೆಗಳು ನರಗಳನ್ನು ಬಿಟ್ಟು ಅವುಗಳ ನಡುವೆ, ಮೇಲ್ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಮಣ್ಣು ಒಣಗಿ ರಂಧ್ರಗಳು ಮುಚ್ಚಿಕೊಂಡರೆ, ವಾಯುವಿನಲ್ಲಿ ವಿಷವು ತುಂಬಿದ್ದರೂ ಎಲೆಯು ಅದನ್ನು ಹೇಳಲಾರದು. ಆದುದರಿಂದ ಗಿಡವು ಯಂತ್ರದ ಸ್ಥಾನವನ್ನು ಆಕ್ರಮಿಸಲಾರದು. ಯಂತ್ರವು ಗಾಳಿಯಲ್ಲಿರುವುದನ್ನು ಅಳೆದರೆ, ಗಿಡವು ಜೀವದೊಳಗೆ ಹೊಕ್ಕು ಘಾತಿಸಿದುದನ್ನು ತೋರಿಸುತ್ತದೆ. ನಗರದ ಹೊಗೆಯಿಂದ ಹುಟ್ಟಿದ ಓಝೋನು ಗಾಳಿಯೊಡನೆ ಸಾಗಿ, ಮಾಪಕಗಳಿಲ್ಲದ ದೂರದ ಹೊಲಗಳ ಬೆಳೆಯನ್ನು ಕುಗ್ಗಿಸುವುದುಂಟು. ಅಂಥಲ್ಲಿ ಬಡ ರೈತನೂ ನೆಟ್ಟು ಓದಬಲ್ಲ ಈ ಸಾಕ್ಷ್ಯವನ್ನು ವಾಯುರಕ್ಷಣೆಯ ಕಾರ್ಯದಲ್ಲಿ ಗೌರವದಿಂದ ಸ್ವೀಕರಿಸುವುದು ನ್ಯಾಯವೂ ಹೌದು, ಕರ್ತವ್ಯವೂ ಹೌದು.